ಆವಣಿಯ ನಲವತ್ತು ವರ್ಷಗಳು: ಕಾಲದ ಸದ್ಬಳಕೆಯೂ ನಿತ್ಯತೆಯ ಸಿದ್ಧತೆಯೂ

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮೂಹವಿದೆ. ಹತ್ತನೆಯ ಶತಮಾನದಲ್ಲಿ ಅಲ್ಲಿನ ಶೈವ ಸ್ಥಾನದ ಅಧಿಪತಿಯಾಗಿದ್ದವರು ತ್ರಿಭುವನಕರ್ತಾರ ಎಂಬ ಗುರು. ಅವರ ಮರಣವನ್ನು ದಾಖಲಿಸುವ ಶಾಸನವು ಅವರ ಬದುಕನ್ನು ಮೂರು ಸಂಖ್ಯೆಗಳಲ್ಲಿ ಹಿಡಿದಿಡುತ್ತದೆ: 40 ವರ್ಷಗಳ ಆಡಳಿತ, 50 ದೇಗುಲಗಳು, 2 ದೊಡ್ಡ ಕೆರೆಗಳು. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದ ಮೇಲೆ ಈ ಲೆಕ್ಕ ವಿದ್ವಾಂಸರ ಗಮನಕ್ಕೆ ಬಂದಿತು. ನಮ್ಮ ವಿಶ್ವಾಸದವರಲ್ಲದ ಆ ಗುರುವಿನ ಲೆಕ್ಕವು ನಮ್ಮನ್ನೊಂದು ಪ್ರಶ್ನೆಗೆ ಎದುರಾಗಿ ನಿಲ್ಲಿಸುತ್ತದೆ. ನಿತ್ಯತೆಗಾಗಿ ಸಿದ್ಧರಾಗಿರಿ ಎಂದು ಜನರಿಗೆ ಬೋಧಿಸುವ ನಾವು, ಆ ಸಿದ್ಧತೆ ಎಲ್ಲಿ ನಡೆಯುತ್ತದೆಂದು ಬೋಧಿಸುತ್ತಿದ್ದೇವೆ? ಮರಣಶಯ್ಯೆಯ ಬಳಿಯಲ್ಲೋ, ಕೆರೆಯ ಏರಿಯ ಮೇಲೋ?

ಈ ವಿಷಯದಲ್ಲಿ ಧರ್ಮಸಭೆಯ ಪರಂಪರೆ ಒಂದೇ ನೆಲೆಯಲ್ಲಿ ನಿಂತದ್ದಲ್ಲ. ಹದಿನೈದನೆಯ ಶತಮಾನದ ಯೂರೋಪಿನಲ್ಲಿ, ಪ್ಲೇಗಿನ ನೆನಪು ಇನ್ನೂ ಮಾಸದಿದ್ದಾಗ, ‘ಆರ್ಸ್ ಮೊರಿಯೆಂದಿ’ ಎಂಬ ಮರಣಕಲೆಯ ಕೈಪಿಡಿಗಳು ಹರಡಿದವು. ಅವುಗಳ ಗಮನವೆಲ್ಲ ಕೊನೆಯ ಗಳಿಗೆಯ ಮೇಲೆ. ಹಾಸಿಗೆಯ ಸುತ್ತ ಶೋಧನೆಗಳು, ಸಾಂತ್ವನಗಳು, ದೂತರು, ದುರಾತ್ಮಗಳು. 1620ರಲ್ಲಿ ಸಂತ ರಾಬರ್ಟ್ ಬೆಲ್ಲಾರ್ಮಿನ್, ತಮ್ಮ ಮರಣಕ್ಕೆ ಒಂದು ವರ್ಷ ಮುಂಚೆ, ಅದೇ ವಿಷಯದ ಮೇಲೆ ಗ್ರಂಥವೊಂದನ್ನು ಹೊರತಂದು ದಿಕ್ಕನ್ನೇ ಬದಲಿಸಿದರು. ಚೆನ್ನಾಗಿ ಸಾಯಬಯಸುವವನು ಚೆನ್ನಾಗಿ ಬದುಕಬೇಕೆಂಬುದೇ ಅವರ ಮೊದಲ ನಿಯಮ. ಹೀಗೆ ಮರಣದ ಸಿದ್ಧತೆಯು ಕೋಣೆಯೊಳಗಿನಿಂದ ಆಯುಷ್ಯದ ಬಯಲಿಗೆ ಬಂದಿತು. 1648ರಲ್ಲಿ ಯೇಸುಸಭೆಯ ಮಹಾಶ್ರೇಷ್ಠರಾದ ವಿಂಚೆಂಜೊ ಕರಾಫಾ ರೋಮಿನಲ್ಲಿ ಸುಮರಣದ ಸಂಘವನ್ನು ಸ್ಥಾಪಿಸಿದರು. ಅದೇ ದಶಕದ ಕೊನೆಗೆ ಅದೇ ಸಭೆಯ ಲಿಯೊನಾರ್ಡೊ ಚಿನ್ನಾಮಿ ಮೈಸೂರು ಸೀಮೆಗೆ ಬಂದರು. ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥಗಳನ್ನು ಬರೆದರು. ಪರಭಾಷೆಯೊಂದರ ಅಕ್ಷರಗಳನ್ನು ತಿದ್ದುತ್ತ ಕಳೆದ ವರ್ಷಗಳು ಸುಮರಣದ ಸಿದ್ಧತೆಯಲ್ಲವೆನ್ನಲು ನಮಗೆ ಧೈರ್ಯವಿಲ್ಲ.

ಈಗ ಕೋಲಾರದ ನೆಲಕ್ಕೆ ಮರಳೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಸೀಮೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳು ಮಳೆಯನ್ನು ನೆಚ್ಚಿದ ಹೊಳೆಗಳು. ಆದುದರಿಂದ ಇಲ್ಲಿನ ಜನ ಮಳೆಗಾಲದ ಕೆಲವೇ ದಿನಗಳ ನೀರನ್ನು ಇಡೀ ವರ್ಷಕ್ಕೆ ಹಿಡಿದಿಡಬೇಕಾಯಿತು. ಒಂದರ ಕೋಡಿಯ ನೀರು ಮತ್ತೊಂದನ್ನು ತುಂಬುವಂತೆ ಸಾಲುಸಾಲಾಗಿ ಕೆರೆಗಳು ಎದ್ದವು. ಕೆರೆ ಕಟ್ಟಿಸಿದವರಿಗೆ ಕಟ್ಟುಗೊಡಗೆಯ ಭೂಮಿ ಸಿಗುತ್ತಿತ್ತು. ತೂಬಿನ ನೀರನ್ನು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ಹಂಚಲು ನೀರುಗಂಟಿಯಿದ್ದ. ದಾನಗಳು ‘ಆಚಂದ್ರಾರ್ಕ’, ಅಂದರೆ ಸೂರ್ಯಚಂದ್ರರಿರುವ ತನಕ, ನಡೆಯಲಿ ಎಂಬುದು ಶಾಸನಗಳ ಹಾರೈಕೆ. ಕೆರೆ ಕಟ್ಟುವವನು ತಾನು ಕಾಣದ ಪೀಳಿಗೆಗಾಗಿ ತನ್ನ ದಿನಗಳನ್ನು ವೆಚ್ಚಮಾಡುತ್ತಾನೆ.

ಆದರೆ ಆ ಏರಿಗಳೂ ಅಮರವಲ್ಲ. ಹೂಳೆತ್ತದ ಕೆರೆ ತಾನಾಗಿ ಬಯಲಾಗುತ್ತದೆ. 1876–78ರಲ್ಲಿ, ಹಿರಿಯರು ಧಾತು–ಈಶ್ವರ ಸಂವತ್ಸರಗಳ ಹೆಸರಿನಲ್ಲಿ ನೆನೆಯುವ ಕ್ಷಾಮದಲ್ಲಿ, ಮಳೆಯೇ ಇಲ್ಲದಿದ್ದಾಗ ಕೆರೆಗಳು ಏನು ಮಾಡಿಯಾವು? 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಅಂದು ಕೋಲಾರದಲ್ಲಿ ಅನಾಥ ಮಕ್ಕಳನ್ನು ಸಾಕಿದವರಲ್ಲಿ ಮಿಸ್ ಆನ್‌ಸ್ಟೀ ಎಂಬ ಪ್ರಾಟೆಸ್ಟಂಟ್ ಸೋದರಿಯ ಹೆಸರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಹಸಿದ ಮಗುವಿಗೆ ಗಂಜಿ ಕುಡಿಸುವ ಹೊತ್ತನ್ನು ಯಾವ ಶಾಸನವೂ ಲೆಕ್ಕವಿಡಲಿಲ್ಲ. ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ನ್ಯಾಯಾಧಿಪತಿ ಲೆಕ್ಕವಿಟ್ಟಿದ್ದಾರೆ.

ಕ್ಷಾಮ ಕಳೆದ ಕೆಲವೇ ವರ್ಷಗಳಲ್ಲಿ ಇದೇ ಜಿಲ್ಲೆಯಲ್ಲಿ ಕಾಲಕ್ಕೆ ಬೇರೊಂದು ಅಳತೆಗೋಲು ಬಂದಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಚಿನ್ನದ ಗಣಿಯ ಕೆಲಸ ಕೈಗೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ತಲುಪಿತು. ಸೂರ್ಯನ ಬೆಳಕು ಬಾರದ, 3 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಹಗಲು–ರಾತ್ರಿಗಳ ಬದಲು ಪಾಳಿಗಳಿದ್ದವು. ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿದರೆ ಪಾಳಿ ಮುಗಿಯುವ ಮುನ್ನವೇ ಆಯುಷ್ಯ ಮುಗಿಯುತ್ತಿತ್ತು. ಹಠಾತ್ ಮರಣದಿಂದ ನಮ್ಮನ್ನು ಕಾಪಾಡೆಂದು ಸಂತರ ಮನವಿಮಾಲೆಯಲ್ಲಿ ಧರ್ಮಸಭೆ ಬೇಡುವುದರ ಅರ್ಥವನ್ನು ಗಣಿ ಕಾರ್ಮಿಕನ ಮನೆಯವರಿಗೆ ಯಾವ ದೈವಶಾಸ್ತ್ರಿಯೂ ವಿವರಿಸಬೇಕಾಗಿರಲಿಲ್ಲ. ಗುರು ಬರುವ ತನಕ, ಅಭ್ಯಂಗದ ಎಣ್ಣೆ ತಲುಪುವ ತನಕ ಸಾವು ಅಲ್ಲಿ ಕಾಯುತ್ತಿರಲಿಲ್ಲ. ಮರಣಶಯ್ಯೆಯೇ ಇಲ್ಲದ ಸಾವಿಗೆ ಸಿದ್ಧತೆಯೆಂದರೆ, ಆ ಬೆಳಿಗ್ಗೆ ಮನೆಯಿಂದ ಹೊರಟ ರೀತಿಯೇ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ ತೆಗೆದ ಚಿನ್ನ 800 ಟನ್ನಿಗೂ ಮೇಲೆ. ಚಿನ್ನ ಊರು ಬಿಟ್ಟು ಹೋಯಿತು, ಸಯನೈಡ್ ದಿಬ್ಬಗಳು ಉಳಿದವು. ಇದನ್ನು ಹೇಳುವಾಗ ಕಾರ್ಮಿಕರ ಬೆವರನ್ನು ನಾವು ಹೀಗಳೆಯುತ್ತಿಲ್ಲ. ಮಕ್ಕಳ ಅನ್ನಕ್ಕಾಗಿ ಕತ್ತಲೆಗಿಳಿದವನ ಪಾಳಿ ಯಾವ ಕೆರೆಯ ಏರಿಗೂ ಕಡಿಮೆಯದಲ್ಲ. ಇದರಿಂದಲೇ ನಮ್ಮ ಮಾತು ಸ್ಪಷ್ಟವಾಗುತ್ತದೆ: ಕಟ್ಟಿದ್ದು ಉಳಿಯಿತೋ ಇಲ್ಲವೋ ಎಂಬುದು ಕಾಲದ ಸದ್ಬಳಕೆಯ ಕೊನೆಯ ಅಳತೆಯಲ್ಲ. ಆಚಂದ್ರಾರ್ಕವೆಂಬುದೂ ದೀರ್ಘಕಾಲವೇ ಹೊರತು ನಿತ್ಯತೆಯಲ್ಲ. ನಿತ್ಯತೆಯು ಕೊನೆಯಿಲ್ಲದ ಜೀವವನ್ನು ಒಟ್ಟಿಗೇ ಪೂರ್ಣವಾಗಿ ಹೊಂದಿರುವುದೆಂದು ಬೋಯೇತಿಯಸ್ ವಿವರಿಸಿದ್ದು ಇದೇ ಭೇದವನ್ನು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನದ 39ನೆಯ ಪರಿಚ್ಛೇದದಲ್ಲಿ ಎರಡು ಸತ್ಯಗಳನ್ನು ಒಟ್ಟಿಗೆ ಇರಿಸಿತು: ಹೊಸ ಭೂಮಿಯ ನಿರೀಕ್ಷೆಯು ಈ ಭೂಮಿಯ ಕಾಳಜಿಯನ್ನು ಕುಗ್ಗಿಸಬಾರದು, ಹೆಚ್ಚಿಸಬೇಕು, ಕೊನೆಗೆ ಉಳಿಯುವುದು ಪ್ರೀತಿ ಮತ್ತು ಪ್ರೀತಿಯ ಕಾರ್ಯ. 43ನೆಯ ಪರಿಚ್ಛೇದ ಇನ್ನೂ ಕಠಿಣ. ಇಹದ ಕರ್ತವ್ಯವನ್ನು ಕಡೆಗಣಿಸುವ ಕ್ರೈಸ್ತನು ತನ್ನ ನಿತ್ಯ ರಕ್ಷಣೆಯನ್ನೇ ಅಪಾಯಕ್ಕೊಡ್ಡುತ್ತಾನೆ. ಏರಿ ಒಡೆಯಬಹುದು, ಗಣಿ ಮುಚ್ಚಬಹುದು. ಅವುಗಳಲ್ಲಿ ವೆಚ್ಚವಾದ ಪ್ರೀತಿ ದೇವರ ಕೈಯಲ್ಲಿ ಉಳಿಯುತ್ತದೆ. ಅದೂ ನಮ್ಮ ಗಳಿಕೆಯಲ್ಲ, ವರಪ್ರಸಾದ.

ಗುರುಮಠದ ಸೋದರರು ಇದನ್ನು ತಮ್ಮ ದಿನಚರಿಗೆ ಹಚ್ಚಿ ನೋಡಬೇಕೆಂದು ನಮ್ಮ ವಿನಂತಿ. ಅಂತ್ಯಕ್ರಿಯೆಯ ಪ್ರಬೋಧನೆಗಳಲ್ಲಿ ನಾವು ಅನೇಕ ಸಲ, ದುಃಖದಲ್ಲಿರುವವರ ಮುಂದೆ, ಕೊನೆಯ ಗಳಿಗೆಯ ಭಯವನ್ನೇ ಬಿತ್ತಿದ್ದೇವೆ. ತೀರಿಕೊಂಡವರು ನಿನ್ನೆ ಯಾರ ಹೊಲಕ್ಕೆ ನೀರು ಬಿಟ್ಟರು, ಯಾರ ಮಗುವಿಗೆ ಓದು ಕಲಿಸಿದರು ಎಂದು ಕೇಳಲು ನಮಗೆ ಪುರುಸೊತ್ತಿರಲಿಲ್ಲ. ಪುರುಸೊತ್ತಿಲ್ಲವೆಂಬ ಮಾತೇ ನಮ್ಮ ಆತ್ಮಪರೀಕ್ಷೆಗೆ ತಕ್ಕ ವಿಷಯ. ನೀರುಗಂಟಿ ಕೆರೆಯ ಒಡೆಯನಲ್ಲ. ತೂಬು ಅವನ ಕೈಯಲ್ಲಿದ್ದರೂ ನೀರು ಊರಿನದು. ಗುರುವಿನ ಕಾಲವೂ ಹಾಗೆಯೇ. ಅದನ್ನು ಸರದಿ ತಪ್ಪದೆ, ಕೊನೆಯ ಗದ್ದೆಯ ಬಡವನಿಗೂ ಮುಟ್ಟುವಂತೆ ಹಂಚಬೇಕು. ದಿನದ ಪ್ರಾರ್ಥನೆ, ಪಾಪನಿವೇದನೆ, ಬಲಿಪೂಜೆಗಳು ಈ ಕೆರೆಯ ಹೂಳೆತ್ತುವ ಕೆಲಸ. ಅವು ನಿಂತರೆ ಹಂಚಲು ನೀರೇ ಉಳಿಯದು.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿದುಬರುತ್ತಿದೆ. ಆ ನೀರಿನ ಗುಣದ ಬಗ್ಗೆ ವಾದವಿದೆ. ಅದು ಬೇರೆಯೇ ಚರ್ಚೆ. ಹಿಂದಿನವರು ಎತ್ತಿದ ಏರಿಗಳು, ತಾವು ಊಹಿಸಿರದ ನೀರನ್ನು ಇಂದು ತಡೆದು ನಿಲ್ಲಿಸಿವೆ. ಕೊಟ್ಟ ಕಾಲವನ್ನು ದೇವರು ಯಾವಾಗ, ಯಾರಿಗಾಗಿ ಬಳಸುತ್ತಾರೆಂಬುದು ಕೊಟ್ಟವನಿಗೆ ತಿಳಿಯದು. ಇಂದಿನ ಹಗಲನ್ನು ಹಿಡಿದಿಟ್ಟುಕೊಳ್ಳದೆ ಕೊಟ್ಟುಬಿಡುವುದಷ್ಟೇ ನಮ್ಮ ಪಾಲಿನ ಕೆಲಸ.