ಕಕ್ಕಡದ ಒಲೆ, ಕೆಲ್ವಿನ್ನನ ಯಂತ್ರ

ಕೊಡಗಿನ ಮನೆಗಳ ಚರಿತ್ರೆಯಲ್ಲಿ ಚಳಿ, ಸೆಕೆಗಳಿಗಿಂತ ದೊಡ್ಡ ಶತ್ರು ತೇವ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಇದಕ್ಕೆ ಐನ್‌ಮನೆ ಕಂಡುಕೊಂಡ ಉತ್ತರ ಅಡುಗೆಮನೆಯ ಒಲೆ. ಅದರ ಬೆಂಕಿ ಅನ್ನ ಬೇಯಿಸುತ್ತಿತ್ತು, ಮೈ ಕಾಯಿಸುತ್ತಿತ್ತು. ಮೇಲಿನ ಅಟ್ಟದಲ್ಲಿ ಸೌದೆಯನ್ನೂ ಮಾಂಸವನ್ನೂ ಒಣಗಿಸುತ್ತಿತ್ತು. ಬೇಸಿಗೆಗೆ ದಪ್ಪ ಮಣ್ಣಿನ ಗೋಡೆ, ನಡುವಿನ ತೆರೆದ ಅಂಗಳ, ಕಂಬಗಳ ಕೈಯಾಲೆ ಸಾಕಾಗುತ್ತಿದ್ದವು.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1850ರ ದಶಕದಿಂದ ಯುರೋಪಿಯನ್ನರ ಕಾಫಿ ತೋಟಗಳು ಬಂದವು. ಅವರ ಬಂಗಲೆಗಳೊಂದಿಗೆ ಚಿಮಣಿಯ ಅಗ್ಗಿಷ್ಟಿಕೆಯೂ ಬಂತು. ಹೊಗೆ ಹೊರಗೆ ಹೋಯಿತು, ಅದರ ಜೊತೆ ಶಾಖದ ದೊಡ್ಡ ಪಾಲೂ ಹೋಯಿತು.

ಈ ನಷ್ಟಕ್ಕೆ ಪರಿಹಾರ ಅದೇ ದಶಕದಲ್ಲಿ ಕಾಗದದ ಮೇಲೆ ಮೂಡಿತ್ತು. 1852ರಲ್ಲಿ ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಕಲ್ಲಿದ್ದಲನ್ನು ನೇರವಾಗಿ ಸುಡುವ ಬದಲು ಅದರಿಂದ ಯಂತ್ರ ಓಡಿಸಿ ಹೊರಗಿನ ತಣ್ಣನೆಯ ಗಾಳಿಯಿಂದಲೇ ಶಾಖವನ್ನು ಒಳಗೆ ಎತ್ತಿ ತರಬಹುದು ಎಂದು ತೋರಿಸಿದ. ಆತನ ಪ್ರಬಂಧದಲ್ಲಿ ಕಟ್ಟಡ ಬಿಸಿಮಾಡುವುದು, ತಂಪಾಗಿಸುವುದು ಎರಡೂ ಒಂದೇ ಲೆಕ್ಕದ ಎರಡು ಮುಖ.

ಮುಂದೆ ಇವು ಬೇರೆಬೇರೆ ದಾರಿ ಹಿಡಿದವು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಹವಾನಿಯಂತ್ರಣ ವ್ಯವಸ್ಥೆ ರೂಪಿಸಿದ್ದು ಜನರಿಗಾಗಿ ಅಲ್ಲ, ತೇವಕ್ಕೆ ಹಿಗ್ಗಿ ಬಣ್ಣ ಕೆಡಿಸುತ್ತಿದ್ದ ಕಾಗದಕ್ಕಾಗಿ. ಕಲ್ಲಿದ್ದಲಿಲ್ಲದ ಸ್ವಿಟ್ಜರ್ಲೆಂಡ್‌ನಲ್ಲಿ 1938ರಲ್ಲಿ ಜ್ಯೂರಿಕ್‌ನ ಪುರಭವನ ಲಿಮ್ಮಾಟ್ ನದಿಯ ನೀರಿನಿಂದ ಶಾಖ ಹೀರುವ ಹೀಟ್ ಪಂಪ್ ಪಡೆಯಿತು.

ಎರಡರ ಒಳಗೂ ಇರುವುದು ಅದೇ ಕಂಪ್ರೆಸರ್, ಅದೇ ಶೈತ್ಯಕಾರಕ ದ್ರವ. ಎಸಿ ಶಾಖವನ್ನು ಹೊರಗೆ ಮಾತ್ರ ಸಾಗಿಸುತ್ತದೆ. ದಿಕ್ಕು ಬದಲಿಸುವ ಕವಾಟವೊಂದು ಸೇರಿದರೆ ಅದೇ ಹೀಟ್ ಪಂಪ್. ಸುರುಳಿ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಕೊಟ್ಟರೆ, ಇದು ಸುಮಾರು ಮೂರು ಕೊಡಬಲ್ಲದು. ಒಳಗೂ ಹೊರಗೂ ಇರುವ ಉಷ್ಣತೆಯ ಅಂತರ ಕಡಿಮೆಯಿದ್ದಷ್ಟೂ ಲಾಭ ಹೆಚ್ಚು. ಹಿಮ ಬೀಳುವ ಯುರೋಪಿಗಿಂತ ಮಡಿಕೇರಿಯಲ್ಲಿ ಅದರ ಕೆಲಸ ಸುಲಭ.

ಎಸಿ ಗಾಳಿಯ ನೀರನ್ನು ಹಿಂಡುತ್ತದೆ ನಿಜ. ಆದರೆ ಕಕ್ಕಡದಲ್ಲಿ ಅದನ್ನು ಓಡಿಸಿದರೆ ತೇವದೊಂದಿಗೆ ಮನೆಯ ಬಿಸಿಯೂ ಹೋಗುತ್ತದೆ. ಹೀಟ್ ಪಂಪ್ ಕೋಣೆ ಬೆಚ್ಚಗಾಗಿಸಿ ಗೋಡೆ ಬೆವರದಂತೆ ತಡೆಯುತ್ತದೆ, ಏಪ್ರಿಲ್‌ನಲ್ಲಿ ತಂಪನ್ನೂ ಕೊಡುತ್ತದೆ. ಹಾಗಾಗಿ ಕೊಡಗಿನ ಮನೆಗೆ ಒಂದೇ ಯಂತ್ರ ಸಾಧ್ಯವೆಂದಾದರೆ ಎರಡೂ ದಿಕ್ಕಿನದೇ ಸರಿ.

ಆದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದ ರಾತ್ರಿ ಯಾವ ಯಂತ್ರವೂ ಓಡದು, ಒಲೆ ಉರಿಯುತ್ತದೆ. ಅದರ ಬೆಲೆಯನ್ನು ತೆತ್ತವರು ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಊದುಗೊಳವೆ ಹಿಡಿದ ಹೆಂಗಸರು. ಐನ್‌ಮನೆಯ ಬೆಚ್ಚನೆಯನ್ನು ನೆನೆಯುವಾಗ ಆ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.