ಮಾವಿನಕೆರೆಯ ಮೇಲಣ ಕೋಟೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡೆಂಬುದೇ ಆ ಹೆಸರಿನ ಅರ್ಥ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಇದು ‘ಎಡೆದೊರೆ ಎರಡು ಸಾಸಿರ’ವೆಂಬ ಆಡಳಿತ ವಿಭಾಗವಾಗಿದ್ದಿತು. ಚೋಳರಾಜನಾದ ಮೊದಲನೆಯ ರಾಜೇಂದ್ರನು ತಾನು ಜಯಿಸಿದ ನಾಡುಗಳ ಪಟ್ಟಿಯಲ್ಲಿ ಇದನ್ನು ಮರೆಯದೆ ಸೇರಿಸಿಕೊಂಡಿದ್ದಾನೆ. ಅವನಿಗಿಂತ ಹಿಂದಿನವರೂ ಮುಂದಿನವರೂ ಈ ನಾಡಿನ ಮೇಲೆ ಕಣ್ಣಿಟ್ಟವರೇ. ಎರೆಯ ಭೂಮಿ, ಎರಡು ಹೊಳೆಗಳ ನೀರು, ಉತ್ತರ ದಕ್ಷಿಣಗಳ ದಂಡಿನ ದಾರಿ ಇವು ಮೂರೂ ಕೂಡಿದ ನೆಲಕ್ಕೆ ಶಾಂತಿ ದುರ್ಲಭವೆಂಬುದನ್ನು ಇಲ್ಲಿಯ ಚರಿತ್ರೆ ಹೆಜ್ಜೆಹೆಜ್ಜೆಗೂ ತೋರಿಸುತ್ತದೆ.

ಈ ನಾಡಿನ ಮಾನ್ವಿಯನ್ನು ದಾಸಸಾಹಿತ್ಯದ ಓದುಗರು ಜಗನ್ನಾಥದಾಸರ ಊರೆಂದು ಬಲ್ಲರು. ಆದರೆ ದಾಸರು ಹುಟ್ಟುವುದಕ್ಕೆ ನಾಲ್ಕು ಶತಮಾನಗಳಿಗಿಂತಲೂ ಹಿಂದೆ, ಮಾನ್ವಿಯು ಒಂದು ದುರ್ಗವಾಗಿತ್ತು. ಆ ದುರ್ಗವು ಶತ್ರುವಿನ ಕೈವಶವಾಯಿತು. ಆ ಸಂಗತಿಯನ್ನು ಕಲ್ಲಿನ ಮೇಲೆ ಬರೆಯಿಸಲಾಯಿತು. ಆ ಕಲ್ಲಿರುವುದು ಮಾನ್ವಿಯಲ್ಲಲ್ಲ, ಅಲ್ಲಿಂದ ಸುಮಾರು 45 ಕಿಲೋಮೀಟರ್ ದೂರದ ರಾಯಚೂರಿನ ಕೋಟೆಯಲ್ಲಿ. ಮಾನ್ವಿಯವರು ತಮ್ಮ ಊರಿನ ಹಳೆಯ ಹೆಸರನ್ನು ಓದಬೇಕಾದರೆ ರಾಯಚೂರಿಗೆ ಹೋಗಬೇಕು.

ರಾಯಚೂರಿನ ಕೋಟೆಯು ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು, ಊರನ್ನು ಮಡಿಲಲ್ಲಿಟ್ಟುಕೊಂಡು ನಿಂತಿದೆ. ಬೆಟ್ಟದ ಬುಡದಲ್ಲಿ ವಿಸ್ತಾರವಾದ ಕೆರೆಯೊಂದಿದೆ. ಕನ್ನಡದಲ್ಲಿ ಅದು ಮಾವಿನಕೆರೆ. ದಖನಿ ಮಾತಿನಲ್ಲಿ ಆಮ್ ತಲಾಬ್. ಸಾಯಂಕಾಲದ ಹೊತ್ತಿನಲ್ಲಿ ಈ ಕೆರೆಯ ದಂಡೆಯಿಂದ ನೋಡಿದರೆ, ಬೆಟ್ಟದ ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಬಂಡೆಯ ಬಣ್ಣವೂ ಗೋಡೆಯ ಬಣ್ಣವೂ ಒಂದೇ. ಊರಿನೊಳಗಿನಿಂದ ಬರುವವರಿಗೆ ಈ ನೋಟ ಸಿಕ್ಕುವುದಿಲ್ಲ. ಮನೆ ಅಂಗಡಿಗಳ ಸಂದಿಯಲ್ಲಿ ಒಮ್ಮೆಲೆ ಒಂದು ಬುರುಜು, ಮತ್ತೊಂದು ತಿರುವಿನಲ್ಲಿ ಒಂದು ಬಾಗಿಲು, ಹೀಗೆ ಕೋಟೆ ತುಂಡುತುಂಡಾಗಿ ಎದುರಾಗುತ್ತದೆ.

ಕೋಟೆ ಎರಡು ಸುತ್ತಿನದು. ಒಳಸುತ್ತು ಹಳೆಯದು. ಚೆನ್ನಾಗಿ ಕೆತ್ತಿ ನಯಗೊಳಿಸಿದ ಭಾರಿ ಗಾತ್ರದ ಕಲ್ಲುಗಳನ್ನು ಗಾರೆಯ ಸಹಾಯವಿಲ್ಲದೆ ಒಂದರ ಮೇಲೊಂದು ಕೂಡಿಸಿ ಇದನ್ನು ಕಟ್ಟಿದ್ದಾರೆ. ಇದಕ್ಕೆ ಪೂರ್ವದಲ್ಲಿ ಸಿಕಂದರಿ ದರ್ವಾಜಾ, ಪಶ್ಚಿಮದಲ್ಲಿ ಸೈಲಾನಿ ದರ್ವಾಜಾ ಎಂಬ ಎರಡು ಬಾಗಿಲುಗಳು. ಹೊರಸುತ್ತು ಮುಸ್ಲಿಂ ಅರಸರ ಕಾಲದ್ದು. ಅದರ ಹೊರಗೆ ಆಳವಾದ ಕಂದಕ. ಮೆಕ್ಕಾ ದರ್ವಾಜಾ, ನವರಂಗಿ ದರ್ವಾಜಾ, ಕಾಟಿ ದರ್ವಾಜಾ, ಖಂದಕ್ ದರ್ವಾಜಾ, ದೊಡ್ಡಿ ದರ್ವಾಜಾ ಎಂದು ಹೊರಸುತ್ತಿಗೆ ಐದು ಬಾಗಿಲುಗಳಿವೆ. ಇವುಗಳಲ್ಲಿ ನವರಂಗಿ ದರ್ವಾಜಾವು ತನ್ನ ಕೆತ್ತನೆಗಳಿಂದ ಪ್ರಸಿದ್ಧವಾಗಿದೆ. ಊರೊಳಗಿನ ಒಂದು ಮಿನಾರಿನ ಮಸೀದಿಯು ಬಹಮನಿ ಸುಲ್ತಾನ ಮಹಮೂದನ ಕಾಲದಲ್ಲಿ, 1513ರಲ್ಲಿ ಕಟ್ಟಿದ್ದು.

ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಕೂತಿದೆ. ಶಾಸನವಿರುವುದು ಇದರ ಮೇಲೆ. ಭಾಷೆ ತೆಲುಗು, ಕಾಲ ಶಕವರ್ಷ 1216, ಅಂದರೆ ಕ್ರಿ.ಶ. 1294. ಕಾಕತೀಯರ ಅಧೀನನಾದ ಗೋರೆ ಗಂಗಯ್ಯರೆಡ್ಡಿಯ ಸೇನಾನಿ ವಿಠ್ಠಲನಾಥನು ಆದವಾನಿ, ತುಂಬುಳ, ಮಾನುವ, ಹಾಲುವ ಎಂಬ ದುರ್ಗಗಳನ್ನು ಜಯಿಸಿ, ಕೊನೆಗೆ ರಾಯಚೂರನ್ನು ಪ್ರವೇಶಿಸಿ, ಅಲ್ಲಿಯ ಜನರ ರಕ್ಷಣೆಗಾಗಿ ಬಲವಾದ ಕೋಟೆಯನ್ನು ಕಟ್ಟಿಸಿದನೆಂಬುದು ಅದರ ಸಾರಾಂಶ. ಆದವಾನಿಯು ಇಂದಿನ ಆದೋನಿ. ‘ಮಾನುವ’ವೇ ಇಂದಿನ ಮಾನ್ವಿ. ದುರ್ಗಗಳ ಈ ಅನುಕ್ರಮವನ್ನು ಗಮನಿಸಿದರೆ ದಂಡು ಬಂದ ದಾರಿಯೂ ಕಾಣುತ್ತದೆ: ತುಂಗಭದ್ರೆಯ ದಕ್ಷಿಣದ ಆದೋನಿಯಿಂದ ಹೊರಟು, ಹೊಳೆಯನ್ನು ದಾಟಿ, ಮಾನ್ವಿಯನ್ನು ಹಿಡಿದು, ರಾಯಚೂರಿಗೆ. ಅಂದರೆ ಓರುಗಲ್ಲಿನ ಸೈನ್ಯವು ನೇರವಾಗಿ ಪೂರ್ವದಿಂದ ನುಗ್ಗದೆ ದಕ್ಷಿಣದಿಂದ ಬಳಸಿಕೊಂಡು ಬಂದಿತು. ಆಗ ಈ ಪ್ರದೇಶ ದೇವಗಿರಿಯ ಸೇವುಣರಿಗೆ ಸೇರಿದ್ದಿತು. ಅವರ ಗಡಿಯ ಕೋಟೆಗಳು ಹೀಗೆ ಒಂದೊಂದಾಗಿ ಕಳಚುತ್ತಿದ್ದ ಕಾಲದಲ್ಲಿಯೇ, 1296ರಲ್ಲಿ, ಅಲಾವುದ್ದೀನ ಖಲ್ಜಿಯು ದೇವಗಿರಿಯ ಮೇಲೆ ಎರಗಿದನು. ನೆರೆಯ ಎರಡು ರಾಜ್ಯಗಳು ಎಡೆದೊರೆಗಾಗಿ ಹೊಡೆದಾಡುತ್ತಿದ್ದಾಗ ಉತ್ತರದ ಬಾಗಿಲನ್ನು ಕಾಯುವವರೇ ಇರಲಿಲ್ಲವೆನ್ನಬಹುದು. ಮೂವತ್ತು ವರ್ಷಗಳೊಳಗಾಗಿ ದೇವಗಿರಿಯೂ ಓರುಗಲ್ಲೂ ಎರಡೂ ಅಳಿದುವು.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಅವಶ್ಯ. ಈ ಕೋಟೆಯನ್ನು ಕಾಕತೀಯ ರಾಣಿ ರುದ್ರಮದೇವಿಯ ಮಂತ್ರಿಯು ಕಟ್ಟಿಸಿದನೆಂದು ಜನ ಹೇಳುತ್ತಾರೆ; ಗ್ರಂಥಗಳಲ್ಲಿಯೂ ಹಾಗೆಯೇ ಬರೆದದ್ದುಂಟು. ರುದ್ರಮದೇವಿಯು 1295ರವರೆಗೆ ಆಳಿದಳೆಂದು ಹಿಂದಿನ ವಿದ್ವಾಂಸರು ಭಾವಿಸಿದ್ದುದೇ ಇದಕ್ಕೆ ಆಧಾರ. ಆದರೆ ನಲ್ಗೊಂಡ ಪ್ರಾಂತದ ಚಂದುಪಟ್ಲದಲ್ಲಿ ದೊರೆತು 1970ರ ದಶಕದಲ್ಲಿ ಬೆಳಕಿಗೆ ಬಂದ ಒಂದು ಶಾಸನವು ಈ ಲೆಕ್ಕವನ್ನು ಬದಲಾಯಿಸಿತು. ಅದರ ಕಾಲ 1289ರ ನವೆಂಬರ್. ರುದ್ರಮದೇವಿಯೂ ಆಕೆಯ ಸೇನಾನಿ ಮಲ್ಲಿಕಾರ್ಜುನ ನಾಯಕನೂ ಶಿವಲೋಕವನ್ನು ಸೇರಿದ ತರುವಾಯ ಅವರ ಪುಣ್ಯಾರ್ಥವಾಗಿ ಕೊಟ್ಟ ದಾನವನ್ನು ಆ ಶಾಸನ ಹೇಳುತ್ತದೆ. ಹೀಗಾದರೆ 1294ರಲ್ಲಿ ರಾಯಚೂರಿನ ಗೋಡೆ ಎದ್ದಾಗ ಓರುಗಲ್ಲಿನ ಸಿಂಹಾಸನದ ಮೇಲೆ ಇದ್ದವನು ಆಕೆಯ ಮೊಮ್ಮಗನಾದ ಪ್ರತಾಪರುದ್ರನೇ ಆಗಬೇಕು. ಗಂಗಯ್ಯರೆಡ್ಡಿಯಂತಹ ಅಧಿಕಾರಿಗಳು ರಾಣಿಯ ಕಾಲದಲ್ಲಿಯೇ ಮೇಲೆ ಬಂದವರಾಗಿರಬಹುದು. ಆದ್ದರಿಂದ ಜನರ ನೆನಪು ಆಕೆಯ ಹೆಸರನ್ನು ಬಿಡದೆ ಉಳಿಸಿಕೊಂಡಿರಬಹುದು. ಆದರೂ ಚರಿತ್ರೆಯನ್ನು ಬರೆಯುವವರು ಪ್ರೀತಿಯ ಹೆಸರಿಗಿಂತ ದಿನಾಂಕಕ್ಕೆ ಮಣಿಯುವುದು ನ್ಯಾಯ.

ಕಾಕತೀಯರ ನಾಡಿಗೂ ಕನ್ನಡ ವೀರಶೈವ ಸಾಹಿತ್ಯಕ್ಕೂ ಇರುವ ನಂಟು ಓದುಗರಿಗೆ ತಿಳಿಯದ್ದೇನಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣವು ಹೊಳೆ ದಾಟಿ ಬಂದು, 1369ರಲ್ಲಿ ಭೀಮಕವಿಯ ಕೈಯಲ್ಲಿ ಕನ್ನಡವಾಯಿತು. ಕನ್ನಡ ನೆಲದ ಕೋಟೆಯಲ್ಲಿ ತೆಲುಗು ಶಾಸನ, ತೆಲುಗು ಕಾವ್ಯದಲ್ಲಿ ಕಲ್ಯಾಣದ ಕಥೆ: ಎಡೆದೊರೆಯಲ್ಲಿ ಭಾಷೆಗಳ ಗಡಿ ಎಂದೂ ಗೋಡೆಯಾಗಿರಲಿಲ್ಲ. ದಂಡು ಬಂದ ದಾರಿಯಲ್ಲಿಯೇ ಕಾವ್ಯವೂ ಬಂದಿತು.

ಶಾಸನಕ್ಕಿಂತಲೂ ನೋಡುವವರ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅದರ ಸಮೀಪದಲ್ಲಿರುವ ಗೀರುಚಿತ್ರ. ಇಷ್ಟು ದೊಡ್ಡ ಕಲ್ಲನ್ನು ಗಣಿಯಿಂದ ಇಲ್ಲಿಗೆ ತಂದ ಬಗೆಯನ್ನು ಅಲ್ಲಿ ರೇಖೆಗಳಲ್ಲಿ ಕೊರೆದಿದ್ದಾರೆ. ಕಲ್ಲು ಬಂಡಿಯ ಮೇಲೆ ಮಲಗಿದೆ. ಮುಂದೆ ಕೋಣಗಳ ಉದ್ದನೆಯ ಸಾಲು. ನಡುನಡುವೆ ಅವುಗಳನ್ನು ಹೊಡೆಯುವ ಆಳುಗಳು. ಹಿಂದಿನಿಂದ ಸನ್ನೆಕೋಲು ಹಾಕಿ ಗಾಲಿಯನ್ನು ಮೀಟುವ ಮನುಷ್ಯರು. ನಮ್ಮ ದೇಶದಲ್ಲಿ ಕೋಟೆಗಳಿಗೆ ಕೊರತೆಯಿಲ್ಲ. ಕಟ್ಟಿಸಿದವರ ಬಿರುದುಗಳಿಗಂತೂ ಕೊರತೆಯೇ ಇಲ್ಲ. ಕಟ್ಟಿದವರು ಕೆಲಸ ಮಾಡುತ್ತಿರುವುದನ್ನು ಅದೇ ಕೋಟೆಯ ಗೋಡೆಯ ಮೇಲೆ ಚಿತ್ರಿಸಿದ್ದು ತೀರ ವಿರಳ. ಈ ರೇಖೆಗಳನ್ನು ಕೊರೆದವನು ಆಸ್ಥಾನದ ಶಿಲ್ಪಿಯೋ, ಗೋಡೆ ಕಟ್ಟುವಾಗ ಬಿಡುವು ಸಿಕ್ಕ ಒಬ್ಬ ಕಲ್ಲುಕುಟಿಗನೋ! ರೇಖೆಗಳು ಒರಟಾಗಿವೆ, ಆದರೆ ಕೋಣಗಳ ಎಳೆತವೂ ಆಳುಗಳ ಅವಸರವೂ ಸ್ಪಷ್ಟವಾಗಿವೆ. ಆ ಎಳೆತವನ್ನು ಹತ್ತಿರದಿಂದ ಕಂಡವನ ಕೈ ಇದು ಎಂದೇ ತೋರುತ್ತದೆ. ವಿಠ್ಠಲನಾಥನ ಹೆಸರನ್ನು ಓದಲು ಲಿಪಿ ಕಲಿತಿರಬೇಕು. ಈ ಆಳುಗಳನ್ನು ಕಾಣಲು ಅಕ್ಷರ ಬಾರದವನಿಗೂ ಅಡ್ಡಿಯಿಲ್ಲ.

ಕಾಕತೀಯರ ತರುವಾಯ ಬಹಮನಿ ಸುಲ್ತಾನರು, ಅವರ ಎದುರಿಗೆ ವಿಜಯನಗರದ ಅರಸರು. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ರಾಯಚೂರು ಮುದಗಲ್ಲುಗಳು ಎಷ್ಟು ಸಲ ಕೈ ಬದಲಾಯಿಸಿದುವೆಂದು ಎಣಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಾಳುವ ನರಸಿಂಹನು ಸಾಯುವಾಗಲೂ ರಾಯಚೂರು, ಮುದಗಲ್ಲು, ಉದಯಗಿರಿಗಳನ್ನು ಮರಳಿ ಪಡೆಯಬೇಕೆಂದು ಹೇಳಿಹೋದನೆಂಬ ಮಾತನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟಿದ್ದಾನೆ. ಆ ಮಾತನ್ನು ನಡೆಸಿದವನು ಶ್ರೀಕೃಷ್ಣದೇವರಾಯ. 1520ರ ಮೇ ತಿಂಗಳಿನಲ್ಲಿ ನಡೆದ ರಾಯಚೂರು ಯುದ್ಧದ ಅತ್ಯಂತ ವಿಸ್ತಾರವಾದ ವರ್ಣನೆ ನೂನಿಜನದೇ. ಅವನು 1522 ಎಂದು ಬರೆದಿದ್ದರೂ, ರಾಬರ್ಟ್ ಸಿವೆಲ್ಲನು 1900ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅಮಾವಾಸ್ಯೆ ಶನಿವಾರಗಳ ಲೆಕ್ಕ ಹಾಕಿ ಅದನ್ನು 1520ರ ಮೇ 19 ಎಂದು ನಿರ್ಧರಿಸಿದನು.

ಯುದ್ಧಕ್ಕೆ ನೆಪವಾದುದು ಕುದುರೆಗಳು. ಕುದುರೆ ಕೊಳ್ಳಲೆಂದು ರಾಯನು 40,000 ಪರ್ದಾವು ಹಣ ಕೊಟ್ಟು ಕಳುಹಿಸಿದ ವರ್ತಕನೊಬ್ಬನು ಗೋವೆಗೆ ಹೋಗದೆ ಬಿಜಾಪುರದ ಆಶ್ರಯಕ್ಕೆ ಓಡಿದನು. ಇಸ್ಮಾಯಿಲ್ ಆದಿಲಶಾಹನು ಅವನನ್ನು ಒಪ್ಪಿಸಲಿಲ್ಲ. ನೆಪ ಸಿಕ್ಕಿತು, ಗುರಿ ರಾಯಚೂರಾಗಿಯೇ ಇದ್ದಿತು. ನೂನಿಜನು ಕೊಡುವ ಸೈನ್ಯದ ಸಂಖ್ಯೆಗಳು ಏಳು ಲಕ್ಷ ಕಾಲಾಳುಗಳಿಗೂ ಮೀರುತ್ತವೆ. ಅವನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಮುತ್ತಿಗೆಯ ವಿವರಗಳನ್ನು ಕಲ್ಪಿಸಿ ಬರೆಯುವುದು ಸುಲಭವಲ್ಲ. ರಾಯನ ಸೈನಿಕರು ಗುದ್ದಲಿ ಹಾರೆಗಳನ್ನು ಹಿಡಿದು ಗೋಡೆಯ ಬುಡಕ್ಕೆ ನುಗ್ಗುತ್ತಿದ್ದರು. ಮೇಲಿನಿಂದ ಕಲ್ಲು, ಬಾಣ, ಗುಂಡುಗಳ ಸುರಿಮಳೆ. ಆಗ ದಳವಾಯಿಗಳು ಸೈನಿಕರಿಂದ ಕಲ್ಲುಗಳನ್ನು ಕೊಳ್ಳತೊಡಗಿದರಂತೆ. ಗೋಡೆಯಿಂದ ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ 10ರಿಂದ 50 ಹಣದವರೆಗೆ ಬೆಲೆ. ಹೊಟ್ಟೆಯ ಪಾಡಿಗೆ ದಂಡಿಗೆ ಸೇರಿದವರು ಆ ಹಣಕ್ಕಾಗಿ ಪ್ರಾಣವನ್ನು ಲೆಕ್ಕಿಸಲಿಲ್ಲ. ಕೋಣಗಳ ಬಂಡಿಯ ಚಿತ್ರವನ್ನು ಕಂಡು ಬಂದವರು ಈ ಭಾಗವನ್ನು ಓದಿದರೆ, ಒಂದೇ ಊರಿನಲ್ಲಿ ಕಲ್ಲು ಏರಿಸಲು ಒಂದು ಪೀಳಿಗೆ, ಕಲ್ಲು ಕೀಳಲು ಇನ್ನೊಂದು ಪೀಳಿಗೆ ಹೀಗೆ ಬೆವರು ಸುರಿಸಿತಲ್ಲ ಎನ್ನಿಸದೆ ಇರದು.

ಮುತ್ತಿಗೆ ಮೂರು ತಿಂಗಳು ನಡೆದರೂ ಕೋಟೆ ಬೀಳಲಿಲ್ಲ. ಅಷ್ಟರಲ್ಲಿ ಇಸ್ಮಾಯಿಲನು ಕೃಷ್ಣೆಯನ್ನು ದಾಟಿ ಬಂದನು. ಬಯಲಿನ ಕಾಳಗದಲ್ಲಿ ಬಿಜಾಪುರದ ಫಿರಂಗಿಗಳ ಮೊದಲ ಹೊಡೆತಕ್ಕೆ ರಾಯನ ಮುಂಚೂಣಿ ಮುರಿಯಿತು. ರಾಯನು ತನ್ನ ಉಂಗುರವನ್ನು ಕಳಚಿ ಸೇವಕನೊಬ್ಬನ ಕೈಗೆ ಕೊಟ್ಟು, ತಾನು ಮಡಿದರೆ ರಾಣಿಯರಿಗೆ ಗುರುತಾಗಿ ಅದನ್ನು ತೋರಿಸಬೇಕೆಂದು ಹೇಳಿ, ತಾನೇ ಮುಂದಾಗಿ ನುಗ್ಗಿದನೆಂದು ನೂನಿಜನು ಹೇಳುತ್ತಾನೆ. ಫಿರಂಗಿಗಳನ್ನು ಮತ್ತೆ ತುಂಬುವುದರೊಳಗೆ ಕಾಳಗದ ಗತಿ ತಿರುಗಿತು. ಗೆದ್ದ ರಾಯನು ಮತ್ತೆ ಕೋಟೆಯ ಕಡೆಗೆ ಬಂದನು. ಈ ಸಲ ಕ್ರಿಸ್ಟೋವಾವೊ ದ ಫಿಗರೇದೊ ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಕೋವಿಕಾರರೊಡನೆ ಅವನ ಜೊತೆಗಿದ್ದನು. ಗೋಡೆಯ ಮೇಲೆ ತಲೆ ತೋರಿದವರನ್ನು ಅವರು ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಕೆಳಗಿನವರು ನಿರಾತಂಕವಾಗಿ ಕಲ್ಲು ಕೀಳಲು ಅವಕಾಶವಾಯಿತು. ಕೋಟೆಯ ಅಧಿಪತಿಯೇ ಹಣೆಗೆ ಗುಂಡು ತಗುಲಿ ಬಿದ್ದನು, ಒಳಗಿನವರು ಶರಣಾಗತರಾದರು. ಊರಿನವರ ಆಸ್ತಿಗೆ ಕೈಹಚ್ಚಬಾರದೆಂದು ರಾಯನು ಅಭಯವಿತ್ತನು. ಗೆದ್ದವನ ದೊಡ್ಡತನ ಈ ಅಭಯದಲ್ಲಿದೆ. ಮುಂದೆ ಆದಿಲಶಾಹನು ಬಂದು ತನ್ನ ಪಾದವನ್ನು ಮುದ್ದಿಡಬೇಕೆಂದು ಹಟ ಹಿಡಿದದ್ದರಲ್ಲಿ ಇಲ್ಲ.

ಇಷ್ಟೆಲ್ಲ ಆಗಿ ಕೋಟೆ ವಿಜಯನಗರಕ್ಕೆ ಉಳಿದದ್ದು ಹತ್ತು ವರ್ಷ. ರಾಯನು ತೀರಿಕೊಂಡ ಮೇಲೆ, 1530ರಲ್ಲಿ, ಇಸ್ಮಾಯಿಲನೇ ರಾಯಚೂರನ್ನೂ ಮುದಗಲ್ಲನ್ನೂ ಹಿಂದಕ್ಕೆ ಪಡೆದನು. ಮುಂದಿನದು ಶೀಘ್ರವಾಗಿ ಹೇಳಬಹುದಾದ ಕಥೆ. 1565ರ ರಕ್ಕಸಗಿ ತಂಗಡಗಿ ಯುದ್ಧದ ತರುವಾಯ ಎಡೆದೊರೆಗೆ ಬಿಜಾಪುರದ ಎದುರಾಳಿಗಳೇ ಉಳಿಯಲಿಲ್ಲ. 1689ರಲ್ಲಿ ಔರಂಗಜೇಬನ ಸೇನಾನಿ ರೂಹುಲ್ಲಾಖಾನನು ಕೋಟೆಯನ್ನು ಹಿಡಿದನು. ಅನಂತರ ನಿಜಾಮರ ಆಳ್ವಿಕೆ. ಅದರ ನಡುವೆ 1853ರಿಂದ 1860ರವರೆಗೆ, ಸೈನ್ಯದ ವೆಚ್ಚದ ಬಾಕಿಗಾಗಿ ದೋಆಬು ಬ್ರಿಟಿಷರ ವಶದಲ್ಲಿದ್ದಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿತು.

ಈ ಕೋಟೆ ಮೂರು ತಿಂಗಳ ಮುತ್ತಿಗೆಯನ್ನು ತಡೆದುಕೊಂಡದ್ದು ಹೇಗೆಂಬುದಕ್ಕೆ ನೂನಿಜನ ಬರಹದಲ್ಲಿಯೇ ಉತ್ತರವಿದೆ. ಗೋಡೆಗಳು ಸುಣ್ಣವಿಲ್ಲದೆ ಕಟ್ಟಿದ ಭಾರಿ ಕಲ್ಲಿನವು, ಒಳಗೆ ಮಣ್ಣು ತುಂಬಿದವು. ಒಳಗೆ ಐದು ವರ್ಷಕ್ಕಾಗುವಷ್ಟು ಧಾನ್ಯವಿದ್ದಿತು. ಇವುಗಳಿಗಿಂತ ಹೆಚ್ಚಾಗಿ ಅವನಿಗೆ ಬೆರಗು ಹುಟ್ಟಿಸಿದ್ದು ನೀರು. ಬೆಟ್ಟದ ನೆತ್ತಿಯಲ್ಲಿ ವರ್ಷವಿಡೀ ಬತ್ತದ ಊಟೆಯೊಂದಿದ್ದಿತು. ಜನರು ಅದನ್ನು ಪವಿತ್ರವೆಂದು ಭಾವಿಸಿದ್ದರು. ಇದಲ್ಲದೆ ಹಲವು ಕೆರೆಬಾವಿಗಳಿದ್ದುದರಿಂದ ನೀರಿಲ್ಲದೆ ಸೋಲುವ ಭಯ ಊರಿನವರಿಗೆ ಇರಲಿಲ್ಲ. ಬೇಸಗೆಯಲ್ಲಿ ಬಂಡೆಗಳು ಕಾದು ನಿಲ್ಲುವ ರಾಯಚೂರಿನಲ್ಲಿ ಈ ಮಾತಿನ ತೂಕ ಅಲ್ಲಿ ಇದ್ದವರಿಗೆ ಗೊತ್ತು.

ಹೀಗೆ ಮಾತು ತಿರುಗಿ ಕೆರೆಗೇ ಬಂದಿತು. ಆಮ್ ತಲಾಬ್ ಎಂಬುದನ್ನು ಮಾವಿನಕೆರೆ ಎಂದು ಕನ್ನಡಿಸುವುದು ರೂಢಿ. ‘ಆಮ್’ ಎಂದರೆ ಮಾವು. ಆದರೆ ಅದೇ ಊರಿನಲ್ಲಿ ಖಾಸಬಾವಿ ಎಂಬ ವಿಶಾಲವಾದ ಬಾವಿಯೂ ಇದೆ. ಖಾಸ್ ಎಂದರೆ ಅರಸನಿಗೆ, ದೊಡ್ಡವರಿಗೆ ಮೀಸಲಾದದ್ದು. ಅದರ ಎದುರುಪದವಾದ ‘ಆಮ್’ ಎಂದರೆ ಸಾರ್ವಜನಿಕವಾದದ್ದು. ದರ್ಬಾರುಗಳಲ್ಲಿ ದಿವಾನಿ ಆಮ್, ದಿವಾನಿ ಖಾಸ್ ಎಂಬ ಜೋಡಿ ಇದ್ದಂತೆ ಇಲ್ಲಿಯೂ ಒಂದು ಜೋಡಿ ಇದ್ದಿರಬೇಕು. ಹಾಗಿದ್ದಲ್ಲಿ ಇದು ಮಾವಿನ ಕೆರೆಯಲ್ಲ, ಎಲ್ಲರ ಕೆರೆ. ದಂಡೆಯ ಮೇಲೆ ಮಾವಿನ ತೋಪು ಇದ್ದಿರಲೂಬಹುದು. ಎರಡು ಅರ್ಥಗಳೂ ಒಂದಕ್ಕೊಂದು ಕೂಡಿಕೊಂಡಿರಲೂಬಹುದು. ಊರು ಬೆಳೆದಂತೆ ಕೆರೆಯ ಅಂಚು ಕಿರಿದಾಗಿದೆ, ನೀರು ಮೊದಲಿನಂತೆ ತಿಳಿಯಾಗಿಲ್ಲ. ಆದರೂ ಮಳೆಗಾಲ ಮುಗಿದ ಮೇಲೆ, ಗಾಳಿ ನಿಂತ ಬೆಳಗಿನಲ್ಲಿ, ಬೆಟ್ಟವೂ ಅದರ ಮೇಲಣ ಗೋಡೆಯೂ ಈ ಕೆರೆಯಲ್ಲಿ ತಲೆಕೆಳಗಾಗಿ ಕಾಣುತ್ತವೆ.