ಕುಂದಾಣಕ್ಕೆ ಬಾರದ ರೈಲು

ಒಂದು ಕಾಲಕ್ಕೆ ಹೊಯ್ಸಳ ರಾಮನಾಥನ ರಾಜಧಾನಿಯಾಗಿದ್ದ ನಮ್ಮ ಕುಂದಾಣಕ್ಕೆ ರೈಲು ಬರಲೇ ಇಲ್ಲ. ರೈಲು ಕಾಣಬೇಕಾದರೆ ಎತ್ತಿನ ಗಾಡಿ ಕಟ್ಟಿಕೊಂಡು ದೇವನಹಳ್ಳಿಗೆ ಹೋಗಬೇಕಾಗಿತ್ತು. ಬಾಲ್ಯದಲ್ಲಿ ತಂದೆಯವರು ಒಮ್ಮೆ ನನ್ನನ್ನು ಹಾಗೆ ಕರೆದೊಯ್ದಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಬೇಡವೆಂದರೂ ಕೇಳದೆ, ಎಂಜಿನ್ನಿನ ಕಿಡಿಯೊಂದು ಹೊಸ ಅಂಗಿಗೆ ಬಿದ್ದು ತೂತಾಯಿತು. ಏಟು ಬೀಳುವುದೆಂದು ಹೆದರಿದ್ದೆ. ತಂದೆಯವರು ನಕ್ಕು, "ರೈಲು ಹತ್ತಿದ್ದಕ್ಕೆ ಗುರುತು ಇರಲಿ ಬಿಡು" ಎಂದರು.

ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಆರಂಭವಾದದ್ದು 1915ರಲ್ಲಿ, ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ. ಹಳಿಗಳ ನಡುವಿನ ಅಂತರ ಕೇವಲ 762 ಮಿ.ಮೀ.; ಇಂದಿನ ಬ್ರಾಡ್‌ಗೇಜಿನದು 1,676 ಮಿ.ಮೀ. ಕಿರಿದಾದ ಹಳಿಗೆ ಹಗುರವಾದ ಕಂಬಿ ಸಾಕು, ತಿರುವುಗಳೂ ಬಿಗಿಯಾಗಿರಬಹುದು. ಆದ್ದರಿಂದ ಖರ್ಚು ಕಡಿಮೆ. ಆದರೆ ಗೇಜು ಬದಲಾಗುವ ಊರಿನಲ್ಲಿ ಪ್ರತಿಯೊಂದು ಮೂಟೆಯನ್ನೂ ಇಳಿಸಿ ಮತ್ತೊಂದು ಗಾಡಿಗೆ ತುಂಬಬೇಕು. ಉಳಿತಾಯದ ಈ ಮಾರ್ಗಕ್ಕೆ ಕೊನೆಗೆ ಮುಳುವಾದದ್ದೂ ಅದೇ. ಯಲಹಂಕ-ಚಿಕ್ಕಬಳ್ಳಾಪುರ ಭಾಗ ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಕೋಲಾರದವರೆಗಿನ ಭಾಗ 2013ರಲ್ಲಿ.

ಕೆಲವು ತಿಂಗಳ ಹಿಂದೆ ಮೊಮ್ಮಗನೊಡನೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. 1979ರಲ್ಲಿ ಸ್ಥಾಪಿತವಾದ ಅಲ್ಲಿ 1899ರ ಮಹಾರಾಣಿಯ ಬೋಗಿಯೂ ಹಳೆಯ ಉಗಿ ಎಂಜಿನ್ನುಗಳೂ ಇವೆ. ಕಲ್ಲಿದ್ದಲು ನೀರನ್ನು ಕಾಯಿಸಿ, ಉಗಿ ಕೊಂತವನ್ನು ತಳ್ಳಿ, ಸಲಾಕೆ ಚಕ್ರವನ್ನು ತಿರುಗಿಸುವ ಬಗೆಯನ್ನು ಅವನಿಗೆ ಮುಟ್ಟಿ ತೋರಿಸಿದೆ. ಡೀಸೆಲ್ ಎಂಜಿನ್ನಿನ ಒಡಲು ಮುಚ್ಚಿರುತ್ತದೆ. ಉಗಿ ಎಂಜಿನ್ನು ತನ್ನ ಕೆಲಸವನ್ನೆಲ್ಲ ಹೊರಗೇ ತೋರಿಸುತ್ತದೆ.

"ತಾತ, ಇದು ನಿಮ್ಮೂರಿಗೆ ಬರ್ತಿತ್ತಾ?" ಎಂದ.

ಆ ಪ್ರಶ್ನೆ ನನ್ನನ್ನು ಚುಚ್ಚಿತು. ವರ್ಷಗಟ್ಟಲೆ ತರಗತಿಯಲ್ಲಿ ಸ್ಟೀಫನ್‌ಸನ್ನನ 1829ರ 'ರಾಕೆಟ್', 1853ರ ಮುಂಬಯಿ-ಠಾಣೆ ರೈಲು ಎಂದು ಪಾಠ ಹೇಳಿದೆ, ಇಸವಿಗಳನ್ನು ಬಾಯಿಪಾಠ ಮಾಡಿಸಿದೆ. ಪಕ್ಕದ ದೇವನಹಳ್ಳಿಯಲ್ಲಿ ಪುಟ್ಟ ರೈಲು ಇನ್ನೂ ಓಡುತ್ತಿದ್ದಾಗ ಒಂದು ದಿನವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಅದರಲ್ಲಿ ಪಯಣಿಸಿದ ಹಿರಿಯರ ಮಾತನ್ನು ಬರೆದಿಡಲೂ ಇಲ್ಲ. ಪಠ್ಯದಲ್ಲಿಲ್ಲದ್ದು ಇತಿಹಾಸವಲ್ಲವೆಂದು ನಾನೂ ನಂಬಿದ್ದೆನೇನೋ!

ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಇನ್‌ಟ್ಯಾಕ್ ಸಂಸ್ಥೆ ಮುಂದಾದದ್ದು ಸಂತೋಷದ ಸಂಗತಿ. 2021ರಿಂದ ಇದೇ ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೂ ಒಂದು ಹಾಲ್ಟ್ ಇದೆ. ಕಟ್ಟಡ ಉಳಿಯಬಹುದು, ಆದರೆ ಅಲ್ಲಿ ಕಾದು ಕುಳಿತವರ ನೆನಪನ್ನು ಉಳಿಸಬೇಕಾದವರು ನಾವು. ನಿಮ್ಮ ಮನೆಯಲ್ಲಿ ಆ ರೈಲು ಹತ್ತಿದ ಹಿರಿಯರಿದ್ದರೆ ಇಂದೇ ಕೇಳಿ, ಬರೆದಿಡಿ. ನಾನು ಕೇಳಬೇಕೆನ್ನುವಷ್ಟರಲ್ಲಿ ತಂದೆಯವರು ಇರಲಿಲ್ಲ.